ಬಾಣಂತಿಯ ನೆಣ

ಚಿಕ್ಕವೆಂಕಟಮ್ಮ ಉರಿಗಾಂ ಚಿನ್ನದ ಗಣಿಯ ಕೂಲಿಗಾರರ ಲೈನುಮನೆಗಳಲ್ಲಿ ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ. ಅಂಥವಳ ಸ್ವಂತ ಮೊಮ್ಮಗ, ಹುಟ್ಟಿ ಒಂಬತ್ತು ದಿನದ ಕೂಸು, ಪುಷ್ಯಮಾಸದ ಚಳಿಗೆ ತಣ್ಣಗಾಗಿ ಆಸ್ಪತ್ರೆಯ ಮೇಜಿನ ಮೇಲೆ ಮಲಗಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ಅಯ್ಯೋ, ಇನ್ನು ಮುಖ ಎಲ್ಲಿಟ್ಟುಕೊಳ್ಳುವುದು!

"ಕೂಸು ನಡುಗ್ಲೇ ಇಲ್ಲ ಡಾಕ್ಟ್ರಮ್ಮ. ನಡುಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?" ಎಂದಳು ಚಿಕ್ಕವೆಂಕಟಮ್ಮ.

"ಎಳೆಕೂಸು ನಡುಗೋದಿಲ್ಲಮ್ಮ," ಎಂದು ಡಾಕ್ಟರಮ್ಮ ಮಗುವನ್ನು ಮಗ್ಗುಲಿಗೆ ತಿರುಗಿಸಿ ಹೆಗಲುಮೂಳೆಗಳ ನಡುವೆ ಬೆರಳಿಟ್ಟರು. "ಇಲ್ಲಿ ಕಂದು ಬಣ್ಣದ ಕೊಬ್ಬಿರುತ್ತೆ. ಕೂಸಿನ ಮೈ ಕಾಯಿಸೋದಕ್ಕೇ ಇರಬೇಕು ಅಂತ ನನ್ನ ಅನುಮಾನ. ದೊಡ್ಡವರ ಬಿಳೀ ಕೊಬ್ಬು ಬೇರೆ, ಅದು ಕೂಡಿಟ್ಟ ದಾಸ್ತಾನು. ಹಾಲು ಸಾಲದೆ ಈ ಕಂದು ಕೊಬ್ಬೂ ಉರಿದು ಮುಗಿದರೆ ಕೂಸು ಹೇಗೆ ಬೆಚ್ಚಗಿರುತ್ತೆ? ತಾಯಿಗೆ ಯಾಕೆ ಹಾಲಿಳಿದಿಲ್ಲ?"

ಯಾಕೆಂದು ಚಿಕ್ಕವೆಂಕಟಮ್ಮನಿಗೆ ಗೊತ್ತಿತ್ತು. ಬಸುರಿನಲ್ಲಿ ಸೊಸೆ ಆದಿಲಕ್ಷ್ಮಮ್ಮನ ಸೊಂಟ, ತೊಡೆ ತುಂಬಿಕೊಂಡಿದ್ದವು. "ನನ್ ಮಗನ ದುಡ್ಮೆಯೆಲ್ಲಾ ನಿನ್ ಸೊಂಟಕ್ಕೇ ಸುತ್ಕೊಂಡದೆ ಕಣಮ್ಮಣ್ಣಿ" ಎಂದು ಲೈನಿನ ಹೆಂಗಸರ ಮುಂದೆಯೇ ಹಂಗಿಸಿದ್ದಳು. ಬಾಣಂತಿಗೆ ಮೂರು ದಿನ ಅರೆಹೊಟ್ಟೆ ಪಥ್ಯ, ಅದು ಅವರಲ್ಲಿ ನಡೆದುಬಂದದ್ದು. ಸೊಂಟದ ನೆಣ ಕರಗಲೆಂದು ಇವಳು ಅದನ್ನು ಒಂಬತ್ತು ದಿನಕ್ಕೆ ಎಳೆದಿದ್ದಳು. ಎರಡು ಹೊತ್ತು ತಿಳಿಗಂಜಿ, ಅಷ್ಟೇ.

"ಬಸುರಿನಲ್ಲಿ ಸೊಂಟಕ್ಕೆ ಕೊಬ್ಬು ಕೂಡೋದೇ ಹಾಲಿಗೆ," ಎಂದರು ಡಾಕ್ಟರಮ್ಮ, ಪಕ್ಕದಲ್ಲೇ ಕೂತಿದ್ದ ಆದಿಲಕ್ಷ್ಮಮ್ಮನ ಬತ್ತಿದ ಮುಖ ನೋಡಿ. "ಆದರೂ ತಾಯಿ ಉಣ್ಣಬೇಡವೆ? ಬಾಣಂತೀನ ಉಪವಾಸ ಕೆಡವಿದ್ದು ಯಾರು?"

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಅವರಲ್ಲಿ ಇಬ್ಬರಿಗೆ ಹೆರಿಗೆ ಮಾಡಿಸಿದ್ದು ಇದೇ ಚಿಕ್ಕವೆಂಕಟಮ್ಮ.

"ಯಾರೂ ಇಲ್ರಮ್ಮ," ಎಂದಳು ಆದಿಲಕ್ಷ್ಮಮ್ಮ. "ನಂಗೇ ಊಟ ಸೇರ್ಲಿಲ್ಲ."

ಡಾಕ್ಟರಮ್ಮ ಆ ಹುಡುಗಿಗೆ ಹಿಗ್ಗಾಮುಗ್ಗಾ ಬೈದರು. ನಾನೇ ಕಣಮ್ಮ ಎಂದು ಒಂದು ಮಾತು ಆಡಬೇಕಿತ್ತು ಮುದುಕಿ. ಆಡಲಿಲ್ಲ. ಹೆಸರು ಹೋದೀತೆಂಬ ಭಯ, ನೋಡಿ! ಸೊಸೆ ತಲೆ ತಗ್ಗಿಸಿ ಬೈಗುಳ ತಿನ್ನುತ್ತಿದ್ದರೆ ಇವಳು ನೆಲ ನೋಡುತ್ತಾ ನಿಂತಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಗುವನ್ನು ತಾಯಿಯ ಬರಿ ಎದೆಗೆ ಒರಗಿಸಿ ಕಂಬಳಿ ಸುತ್ತಿದರು. ಪಕ್ಕದ ಮಂಚದ ಬಾಣಂತಿ ಹಾಲು ಹಿಂಡಿ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಅಂಗಾಲು ಕೆಂಪಗಾಯಿತು. ಕಿರ್ರೋ ಎಂದು ಅತ್ತಿತು. "ಬದುಕಿತು," ಎಂದು ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು.

ನರ್ಸು ಗಂಜಿ, ಬ್ರೆಡ್ಡು ತಂದಿಟ್ಟು ಹೋದಳು. ಆದಿಲಕ್ಷ್ಮಮ್ಮ ತಟ್ಟೆಯತ್ತ ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

"ಅತ್ತೇ, ತಿನ್ಲಾ?"