ಕೆಂಪು ಚೀಟಿ

ಗಾಜಿನ ಸಾಮಾನಿನ ಗೋದಾಮಿನಲ್ಲಿ ಎಲ್ಲರಿಗೂ ಅಕ್ಕನಾಗಿದ್ದವಳ ತಲೆಯ ಮೇಲೆ ಪೆಟ್ಟಿಗೆಯೊಂದು ಬಿದ್ದು ಐದು ವಾರವಾಗಿತ್ತು. ರಕ್ತ ಬಂದಿರಲಿಲ್ಲ, ಸ್ಕ್ಯಾನಿನಲ್ಲೂ ಏನೂ ಕಂಡಿರಲಿಲ್ಲ. ಆದರೂ ಮಿದುಳಿಗೆ ಪೆಟ್ಟಾಗಿದೆ, ವಾಸಿಯಾಗಲು ಸಮಯ ಬೇಕು ಎಂದಿದ್ದರು ಡಾಕ್ಟರು. ಟ್ಯೂಬ್‌ಲೈಟ್ ಕಂಡರೆ ಅವಳ ತಲೆ ಸಿಡಿಯುತ್ತಿತ್ತು, ಬಗ್ಗಿದರೆ ನೆಲವೇ ಗಿರ್ರನೆ ತಿರುಗುತ್ತಿತ್ತು. ವಾರಕ್ಕೆರಡು ದಿನ ಫಿಸಿಯೋಥೆರಪಿಯವಳು ಅವಳನ್ನು ಗೆರೆಯ ಮೇಲೆ ನಡೆಸುತ್ತಿದ್ದಳು. ಕೈಯಿಂದಲೇ ಬೆನ್ನು-ಕತ್ತಿನ ಕೀಲು ಸರಿಪಡಿಸುವ ಕೈರೊಪ್ರಾಕ್ಟರ್ ಬಿಗಿದುಕೊಂಡ ಕತ್ತನ್ನು ಮೆಲ್ಲಗೆ ಸಡಿಲಿಸುತ್ತಿದ್ದರು. ಓಲಾಡದೆ ಹತ್ತು ಹೆಜ್ಜೆ ಇಟ್ಟ ದಿನ ಅವಳಿಗೆ ಬೆಟ್ಟ ಹತ್ತಿದಷ್ಟು ಸಂತೋಷವಾಗಿತ್ತು.

ಇನ್ನೆರಡು ವಾರದ ರಜೆ ಕೇಳಲು ಹೋದವಳನ್ನು ಮೇಲ್ವಿಚಾರಕ ಅಡಿಯಿಂದ ಮುಡಿಯವರೆಗೆ ನೋಡಿದ.

“ಒಂದು ಗೀರೂ ಕಾಣಲ್ವಲ್ಲಮ್ಮಾ! ಕತ್ತು ಒತ್ತಿಸ್ಕೊಳ್ಳೋದು, ಗೆರೆ ಮೇಲೆ ನಡೆಯೋದು, ಇದೂ ಒಂದು ಚಿಕಿತ್ಸೇನಾ? ನಾಳೆ ಬಂದು ಪೆಟ್ಟಿಗೆ ಎತ್ತು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೆಳಗೆ ಬಿದ್ದ ಪೆಟ್ಟಿಗೆ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಕೆಂಪು ಚೀಟಿ ಅಂಟಿಸಿ ಬದಿಗಿಡಬೇಕೆಂದು ಹನ್ನೆರಡು ವರ್ಷದಿಂದ ಎಲ್ಲರ ಪ್ರಾಣ ಹಿಂಡಿದವನು ಇವನೇ!

“ಅಲ್ಲ ಸಾರ್, ನನ್ನ ಮೇಲೆ ಬಿತ್ತಲ್ಲ, ಆ ಪೆಟ್ಟಿಗೆ ಏನಾಯ್ತು?” ಎಂದು ಹಲ್ಲು ಕಚ್ಚಿಕೊಂಡು ಕೇಳಿದಳು.

“ಅದಿನ್ನೂ ಮೂಲೇಲೇ ಇದೆ. ಅಷ್ಟು ಮೇಲಿಂದ ಬಿದ್ದಿದ್ದು, ಒಳಗೇನಾಗಿದ್ಯೋ ಯಾರಿಗ್ಗೊತ್ತು? ಸರಿಯಾಗಿ ನೋಡದೆ ಮುಟ್ಟೋ ಹಾಗಿಲ್ಲ.”

ಅಕ್ಕ ಮೇಜಿನ ಮೇಲಿದ್ದ ಸುರುಳಿಯಿಂದ ಕೆಂಪು ಚೀಟಿಯೊಂದನ್ನು ಪರ್ರನೆ ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡಳು.

“ಹಾಗಾದ್ರೆ ನನ್ನನ್ನೂ ಅದರ ಪಕ್ಕದಲ್ಲೇ ಇಡಿ.”