ತಮ್ಮನ ಕಾಲಿನ ದಾರ

ಆಲ್ಮಾಟಿಯ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದ ತೊಲ್ಗನಾಯ್ ಎಂಆರ್‌ಐ ಯಂತ್ರದೊಳಗೆ ಮಿಸುಕದೆ ಮಲಗಿದ್ದಳು. ಯಂತ್ರ ಡಬಡಬ, ಕಟಕಟ ಎನ್ನುತ್ತಿತ್ತು, ಥೇಟ್ ಸೊಸೆಯ ಮೇಲೆ ರೇಗಿದ ಅಜ್ಜಿಯ ಹಾಗೆ. ನಕ್ಕು ಅಲುಗಾಡಿದರೆ ಚಿತ್ರ ಕೆಡುತ್ತದೆಂದು ತುಟಿ ಕಚ್ಚಿಕೊಂಡಳು.

ಮುಂದಿನ ತಿಂಗಳು ಪುಟ್ಟ ತಮ್ಮನ ಮೊದಲ ಹೆಜ್ಜೆಯ ಹಬ್ಬ. ಅಲ್ಲಿನ ಪದ್ಧತಿಯಂತೆ ಅವನ ಎರಡೂ ಕಾಲು ಸೇರಿಸಿ ಕಟ್ಟುವ ಕಪ್ಪುಬಿಳುಪು ದಾರವನ್ನು ಚುರುಕು ಕಾಲಿನವರೇ ಕತ್ತರಿಸಬೇಕು. ಕತ್ತರಿಸಿದವರ ನಡಿಗೆಯೇ ಮಗುವಿಗೂ ಬರುತ್ತದಂತೆ. ಸಂಧಿವಾತದಿಂದ ಮಂಡಿ ಊದಿ ಕುಂಟುವ ತೊಲ್ಗನಾಯ್‌ಗೆ ಆ ಕೆಲಸ ಕೊಡಲು ಅಜ್ಜಿಗೆ ಮನಸ್ಸಿರಲಿಲ್ಲ. ಮೊಮ್ಮಗಳು ಅತ್ತು ಕರೆದ ಮೇಲೆ ಅಜ್ಜಿ, "ಕೀಲು ಹಾಳಾಗಿಲ್ಲ ಅಂತ ಡಾಕ್ಟರು ಹೇಳಲಿ, ನೋಡೋಣ" ಎಂದಿದ್ದಳು.

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ್ ಸೌಲೆ ಅಜ್ಜಿ, ಮೊಮ್ಮಗಳಿಬ್ಬರಿಗೂ ಕಾಣುವಂತೆ ಪರದೆಯ ಮೇಲೆ ಬೆರಳಿಟ್ಟರು. "ಎಕ್ಸ್‌ರೇಲಿ ಮೂಳೆ ಮಾತ್ರ ಕಾಣ್ತಿತ್ತು. ಇಲ್ಲಿ ಅದರ ತುದಿಯ ಮೃದು ಹೊದಿಕೆನೂ ಕಾಣುತ್ತೆ. ಕೀಲಿನ ಒಳಪೊರೆ ಊದಿದೆ, ನೀರೂ ತುಂಬಿದೆ. ಆದ್ರೆ ಹೊದಿಕೆ ಒಂಚೂರೂ ಸವೆದಿಲ್ಲ!"

"ಹಂಗಂದ್ರೆ?" ತೊಲ್ಗನಾಯ್‌ಳ ಎದೆ ಯಂತ್ರಕ್ಕಿಂತ ಜೋರಾಗಿ ಬಡಿಯಿತು.

"ಇವತ್ತೇ ಔಷಧಿ ಶುರು ಮಾಡೋಣ. ಊತ ಇಳಿದ್ರೆ ಓಡ್ತೀಯಮ್ಮ."

ತೊಲ್ಗನಾಯ್ ಕಣ್ಣು ಕಿರಿದು ಮಾಡಿ, ಅಜ್ಜಿಯದೇ ದನಿಯಲ್ಲಿ, "ನೋಡೋಣ, ನೋಡೋಣ" ಎಂದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು.

"ಸಾಕು ಸುಮ್ನಿರೇ, ಕಪಿ!" ಎನ್ನುತ್ತಲೇ ಅಜ್ಜಿ ಕಣ್ಣೊರೆಸಿಕೊಂಡು, ದಾರ ಕತ್ತರಿಸಲು ಒಪ್ಪಿಸಿಟ್ಟಿದ್ದ ಸೋದರ ಸೊಸೆಗೆ ಫೋನು ಹಚ್ಚಿದಳು. "ಕಮಿಲಾ, ಹಬ್ಬಕ್ಕೆ ಬಾರೇ, ಬಿಸಿಬಿಸಿ ಕರಿದ ಬೌರ್ಸಾಕ್ ಹೊಟ್ಟೆ ತುಂಬ ತಿನ್ನು. ಕತ್ತರಿ ಮಾತ್ರ ನಮ್ಮ ಹುಡುಗಿ ಹಿಡೀತಾಳೆ!"