ಒಂದೇ ನಂಬರಿನ ಎರಡು ಪಿಸ್ತೂಲು

ನನಗೆ ಅರಳುಮರಳು ಎನ್ನುವವರು ಬಾಯಿ ಮುಚ್ಚಿಕೊಂಡು ಕೇಳಿ. ನಿನ್ನೆ ಉಂಡದ್ದು ಮರೆತಿರಬಹುದು, ಆರ್ವಿಲನನ್ನು ಮಣ್ಣು ಮಾಡಿದ ದಿನವನ್ನು ಮರೆತಿಲ್ಲ.

ಅಂದು ಅವನ ಗೆಳೆಯ ಲೀಲಂಡ್ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದ. ಕೋಟಿನೊಳಗೆ ಭಾರವಾದದ್ದೇನೋ ಪಕ್ಕೆಗೆ ಬಡಿಯುತ್ತಿತ್ತು. ಪಾದ್ರಿ ತಡೆದರು.

“ಏನಪ್ಪಾ, ದೇವರ ಮನೆಗೂ ಪಿಸ್ತೂಲಾ?”

“ಇದು ಬಾಯಿಬಿಟ್ಟು ಇನ್ನೂರು ವರ್ಷ ಆಯ್ತು ಪಾದ್ರಿಗಳೇ. ನಿಮಗಿಂತ ಸಾಧು.”

ನಮ್ಮ ಹಾರ್ಪರ್ಸ್ ಫೆರಿ ಊರಿನ ಅಮೆರಿಕನ್ ಸೇನಾ ಕಾರ್ಖಾನೆಯಲ್ಲಿ ಹಿಂದೆ ಕುದುರೆ ಸವಾರರಿಗೆಂದು ಕಲ್ಲಿನ ಕಿಡಿಯಿಂದ ಸಿಡಿಯುವ ಚಕಮಕಿ ಪಿಸ್ತೂಲು ಮಾಡುತ್ತಿದ್ದರು. ಜೋಡಿಗೆ ಒಂದೇ ನಂಬರು. ಒಂದು ಲೀಲಂಡನ ಕೋಟಿನಲ್ಲಿತ್ತು. ಅದರ ಜೋಡಿ, ಆರ್ವಿಲನ ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿತ್ತು.

* * *

ಇಬ್ಬರ ಗೆಳೆತನ ಶುರುವಾದದ್ದೇ ಆ ನಂಬರಿನಿಂದ. ಹಳೇ ಬಂದೂಕುಗಳ ಸಂತೆಯಲ್ಲಿ ಆರ್ವಿಲನ ಕೈಯಲ್ಲಿದ್ದ ಪಿಸ್ತೂಲಿನ ಮೇಲೆ ತನ್ನದರ ನಂಬರನ್ನೇ ನೋಡಿ ಲೀಲಂಡ್ ಬೆವರಿದ್ದ.

“ಎಷ್ಟಕ್ಕೆ ಕೊಡ್ತೀಯ?”

“ಕೊಡಲ್ಲ. ನಿಂದೆಷ್ಟಕ್ಕೆ?”

“ನಾನೂ ಕೊಡಲ್ಲ.”

“ಹಾಗಾದ್ರೆ ಭಾನುವಾರ ತಗೊಂಡು ಬಾ. ಪಕ್ಕಪಕ್ಕ ಇಟ್ಟಾದ್ರೂ ನೋಡೋಣ.”

ಅಂದಿನಿಂದ ಪ್ರತಿ ಭಾನುವಾರ ಆರ್ವಿಲನ ಮನೆಯಲ್ಲಿ ಅದೇ ಚೌಕಾಸಿ, ಅದೇ ಜಗಳ, ಅವನು ಮಾಡಿದ ಅದೇ ಕಹಿ ಕಾಫಿ. ಹೊರಡುವಾಗ ಉಕ್ಕಿನ ಮೇಲಿನ ಬೆರಳಚ್ಚಿನಿಂದ ತುಕ್ಕು ಹಿಡಿಯದಂತೆ ಆರ್ವಿಲ್ ಎರಡನ್ನೂ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ.

ತನ್ನ ಹೆಂಡತಿ ಅರ್ಮಾ ಸತ್ತ ವಾರ ಲೀಲಂಡ್ ತನ್ನ ಪಿಸ್ತೂಲನ್ನು ಆರ್ವಿಲನ ಮುಂದೆ ತಳ್ಳಿದ್ದ. “ತಗೋ ಮಾರಾಯ, ಸುಮ್ನೆ ತಗೋ. ನಂಗಿನ್ನು ಯಾವುದೂ ಬೇಡ.”

ಆರ್ವಿಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒರೆಸಿ, ವಾಪಸು ತಳ್ಳಿದ. “ಚಕಮಕಿ ಕಲ್ಲು ಸರಿಯಿಲ್ಲ, ನಂಗೆ ಬೇಡ. ಭಾನುವಾರ ಬರೋವಾಗ ತಗೊಂಡು ಬಾ.”

ಬಿಟ್ಟಿ ಕೊಟ್ಟರೂ ಕೊಂಕು ತೆಗೆದನಲ್ಲ ಎಂದು ಲೀಲಂಡನ ಹೊಟ್ಟೆ ಉರಿದಿತ್ತು. ಆ ಉರಿ ಇಷ್ಟು ವರ್ಷವೂ ಆರಿರಲಿಲ್ಲ.

* * *

ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸ, ಆಲೂಗಡ್ಡೆ ತಿನ್ನುತ್ತಿದ್ದರು. ಆರ್ವಿಲನಿಗೆ ತನ್ನವರೆಂದು ಉಳಿದಿದ್ದವಳು ಒಬ್ಬಳೇ, ಅವನ ತಂಗಿಯ ಮಗಳು ವರ್ನಾ. ಅವಳು ಆರ್ವಿಲನ ಪಿಸ್ತೂಲನ್ನು ತಂದು ಲೀಲಂಡನ ಮುಂದಿಟ್ಟಳು.

“ತಗೊಳ್ಳಿ ಅಂಕಲ್. ದುಡ್ಡೇನೂ ಬೇಡ. ಜೋಡಿ ಕೂಡಿಸ್ಬೇಕು ಅಂತ ನೀವು ಇಷ್ಟು ವರ್ಷ ಒದ್ದಾಡಿದ್ರಲ್ಲ.”

“ಹೊಡೀತು ನೋಡು ಲಾಟರಿ!” ಎಂದು ಯಾರೋ ನಕ್ಕರು.

ಲೀಲಂಡ್ ತನ್ನದನ್ನೂ ತೆಗೆದು ಪಕ್ಕದಲ್ಲಿಟ್ಟ. ಎರಡೂ ಮನೆಗೆ ಬಂದರೆ ಭಾನುವಾರ ಎಲ್ಲಿಗೆ ಹೋಗುವುದು? ಆರ್ವಿಲ್ ಅಂದು ಕೊಂಕು ತೆಗೆದದ್ದು ಯಾಕೆಂದು ಈಗ ಹೊಳೆಯಿತು. ಆರ್ವಿಲನದನ್ನು ಎತ್ತಿ, ತಿರುಗಿಸಿ ನೋಡಿ, ಕರವಸ್ತ್ರದಿಂದ ಒರೆಸಿ, ವಾಪಸು ತಳ್ಳಿದ.

“ಚಕಮಕಿ ಕಲ್ಲು ಸರಿಯಿಲ್ಲಮ್ಮ. ನಂಗೆ ಬೇಡ. ನಿನ್ ಹತ್ರಾನೇ ಇರ್ಲಿ. ಭಾನುವಾರ ನಂದು ತಗೊಂಡು ಬರ್ತೀನಿ.”

ವರ್ನಾ ಅವನ ಮುಖವನ್ನೇ ನೋಡಿದಳು. “ನಂಗೆ ಕಾಫಿ ಮಾಡೋಕ್ಕೆ ಬರಲ್ಲ ಅಂಕಲ್.”

“ನಿಮ್ಮ ಮಾವಂಗೆ ಬರ್ತಿತ್ತಾ?”

ಆ ಸಂಜೆ ಲೀಲಂಡ್ ತನ್ನ ಪಿಸ್ತೂಲನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. ನಟ್ಟನಡುವೆ ಅಲ್ಲ, ತುಸು ಒಂದು ಬದಿಗೆ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು.

ಕೇಳಿದಿರಲ್ಲ, ನಾಲ್ಕು ಜನಕ್ಕೆ ಹೇಳಿ. ಜೋಡಿ ಒಂದೇ ಮನೆ ಸೇರಿತು ಎಂದು ಮಾತ್ರ ಹೇಳಬೇಡಿ.